ಕಲ್ಯಾಣದ ಬಾಕಿ

ಗಿರೀಶ ಕಾರ್ನಾಡರ ‘ತಲೆದಂಡ’ದ ಒಂದು ಹಳೆಯ ಪ್ರತಿ ನನ್ನ ಹತ್ತಿರ ಇದೆ. ಗುರುತಿಗೆಂದು ಅದರೊಳಗೆ ಇಟ್ಟ ಬಸ್ ಟಿಕೇಟಿನ ಮುಂಭಾಗ ಪೂರ್ತಿ ಮಾಸಿದೆ. ಹಿಂಭಾಗದಲ್ಲಿ ಬಾಲ್‌ಪೆನ್ನಿನಿಂದ 83 ಎಂದು ಬರೆದು ಸುತ್ತ ಹಾಕಿದ ಸೊನ್ನೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಅದು ಕಂಡಕ್ಟರು ನನಗೆ ಕೊಡಬೇಕಾದ ಬಾಕಿ. 1996ರ ಡಿಸೆಂಬರಿನ ಒಂದು ಭಾನುವಾರ ಗುಲ್ಬರ್ಗದಿಂದ ಹುಮನಾಬಾದಿಗೆ ಹೋಗುವಾಗ ನೂರರ ನೋಟು ಕೊಟ್ಟಿದ್ದೆ. ಟಿಕೇಟು 17 ರೂಪಾಯಿ. “ಚಿಲ್ರಿ ಇಲ್ರಿ, ಇಳಿಯಾಗ ತಗೋರಿ” ಅಂದ. ಇಳಿಯುವ ಹೊತ್ತಿಗೆ ನಾನು ನಾಟಕದ ಕೊನೆಯ ಪುಟಗಳಲ್ಲಿದ್ದೆ. ಕಲ್ಯಾಣದ ದೊರೆ ಬಿಜ್ಜಳನ ಪ್ರಾಣ ಹೋಗುವುದರಲ್ಲಿತ್ತು; ನನ್ನ 83 ರೂಪಾಯಿ ಹೋದದ್ದು ಗೊತ್ತಾಗಲಿಲ್ಲ.

ತಪ್ಪು ನನ್ನದೇ. ಲೆಕ್ಕಪತ್ರದ ಗುಮಾಸ್ತನಾಗಿ ಹೊಟ್ಟೆ ಹೊರೆಯುವವನು ಬಾಕಿ ಮರೆತ ಎಂದರೆ ಹೊರಗೆ ಹೇಳಿಕೊಳ್ಳುವ ಸಂಗತಿಯಲ್ಲ. 29 ವರ್ಷ ಹೇಳಿಕೊಂಡಿರಲಿಲ್ಲ.

ತಿಪಟೂರಿನಲ್ಲಿ ಹುಟ್ಟಿ ಬೆಳೆದ ನನಗೆ 1994ರಲ್ಲಿ ಮೊದಲ ಕೆಲಸ ಸಿಕ್ಕಿದ್ದು ಗುಲ್ಬರ್ಗದಲ್ಲಿ. ಊರಿನಲ್ಲಿ ಎಲ್ಲರೂ ‘ಅಯ್ಯೋ ಪಾಪ’ ಎಂದು ಕಳಿಸಿಕೊಟ್ಟರು. ಬಿಸಿಲಿಗೆ ಹೆದರಿ ಮೂರು ಛತ್ರಿ ಒಯ್ದಿದ್ದೆ. ಆದರೆ ಕಾಲೇಜಿನಲ್ಲಿ ‘ತಲೆದಂಡ’ ಆಡಿದಾಗ ನಾನು ಅದರಲ್ಲಿ ಬಿಜ್ಜಳನ ಕಾವಲಿನವ. ಮಾತಿಲ್ಲದ ಪಾತ್ರ, ಈಟಿ ಹಿಡಿದು ನಿಲ್ಲುವುದಷ್ಟೇ. ಎರಡೂವರೆ ಗಂಟೆ ಕಲ್ಯಾಣವನ್ನು ಕಾದವನಿಗೆ ನಿಜವಾದ ಕಲ್ಯಾಣ ಹೇಗಿದೆ ಎಂದು ನೋಡುವ ಆಸೆ ಇರುವುದಿಲ್ಲವೆ? ಒಮ್ಮೆ ಹೋದೆ. ಆಮೇಲೆ ತಿಂಗಳಿಗೊಂದು ಭಾನುವಾರ ಹೋಗತೊಡಗಿದೆ. ಗುಲ್ಬರ್ಗದಿಂದ ಹುಮನಾಬಾದು, ಅಲ್ಲಿ ಬಸ್ಸು ಬದಲಿಸಿ ರಾಜೇಶ್ವರದ ಮೇಲೆ ಹಾದು ಸಸ್ತಾಪುರ ಬಂಗ್ಲಾ, ಅಲ್ಲಿಂದ ಒಳಗೆ ಊರು.

1956ರಲ್ಲಿ ರಾಜ್ಯ ಒಂದಾದಾಗ ‘ಕಲ್ಯಾಣಿ’ ಹೋಗಿ ‘ಬಸವಕಲ್ಯಾಣ’ ಬಂತು. ಆದರೆ ಬಸ್ ನಿಲ್ದಾಣದಲ್ಲಿ ಕೂಗುವುದು ‘ಕಲ್ಯಾಣ, ಕಲ್ಯಾಣ’ ಎಂದೇ. ನಾನೂ ಅಮ್ಮನಿಗೆ ಬರೆಯುವ ಕಾರ್ಡಿನಲ್ಲಿ ‘ಈ ಭಾನುವಾರವೂ ಕಲ್ಯಾಣಕ್ಕೆ ಹೋಗಿದ್ದೆ’ ಎಂದೇ ಬರೆಯುತ್ತಿದ್ದೆ. ನಮ್ಮ ಕಡೆ ಕಲ್ಯಾಣ ಎಂದರೆ ಒಂದೇ ಅರ್ಥ. ಕಾರ್ಡು ಅಂಚೆಯವನಿಂದ ಹಿಡಿದು ಎಲ್ಲರೂ ಓದುವ ವಸ್ತು. ಆರು ತಿಂಗಳಲ್ಲಿ ಊರಿನಲ್ಲಿ ಸುದ್ದಿಯಾಯಿತು: ಹುಡುಗ ಆ ಕಡೆ ತಿಂಗಳಿಗೊಂದು ಸಂಬಂಧ ನೋಡುತ್ತಿದ್ದಾನೆ, ಯಾವುದೂ ಒಪ್ಪಿಗೆಯಾಗುತ್ತಿಲ್ಲ. ಹಾಗೆ ಬೆದರಿಯೇ ನಮ್ಮ ಮನೆಯವರು ಇಲ್ಲಿ ಅವಸರವಾಗಿ ಹೆಣ್ಣು ಗೊತ್ತು ಮಾಡಿದರು. ಆ ಲೆಕ್ಕದಲ್ಲಿ ನನ್ನ ಹೆಂಡತಿ ಬಸವಕಲ್ಯಾಣಕ್ಕೆ ಋಣಿಯಾಗಿರಬೇಕು. ಅವಳು ಈ ವಾದವನ್ನು ಒಪ್ಪಿಲ್ಲ.

ಈಗ ಬಂಗ್ಲಾದ ಮಾತು. ಹೆಸರು ಕೇಳಿ ಕಂಬಗಳಿರುವ ಬಂಗಲೆ ಹುಡುಕಬೇಡಿ. ಪುಣೆ–ಹೈದರಾಬಾದ್ ಹೆದ್ದಾರಿಯಿಂದ ಊರಿನ ರಸ್ತೆ ಒಡೆಯುವ ಜಾಗ ಅದು. ಅಲ್ಲಿ ಬೋರ್ಡಿಲ್ಲದ ಒಂದು ಹೋಟೆಲು. ತಗಡಿನ ಚಪ್ಪರ, ಕಟ್ಟಿಗೆಯ ಬೆಂಚು, ಕಬ್ಬಿಣದ ಬಾಣಲೆಯಲ್ಲಿ ಮಿರ್ಚಿ ಭಜಿ. ಗೋಡೆಗೆ ‘ಉದ್ರಿ ಕೇಳಬೇಡಿ’ ಎಂಬ ಪಾಟಿ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಅಂದೆ. ಯಾವಾಗಲೂ ಕೈಯಲ್ಲಿ ಪುಸ್ತಕ ಇರುತ್ತಿದ್ದುದರಿಂದ ಅವರು ನನ್ನನ್ನು ಸಾಲಿ ಮಾಸ್ತರ ಎಂದು ತೀರ್ಮಾನಿಸಿದ್ದರು. “ಕುಂದ್ರಿ ಮಾಸ್ತರ್ರ.” ಗುಮಾಸ್ತ ಎಂದು ತಿದ್ದಲು ಎರಡು ಸಲ ನೋಡಿದೆ. ಆಮೇಲೆ ಬಡ್ತಿ ಸಿಕ್ಕಿದ್ದನ್ನು ಯಾಕೆ ಬಿಡಬೇಕು ಎಂದು ಸುಮ್ಮನಾದೆ.

ಒಂದು ಸಲ ಎಳ್ಳ ಅಮಾವಾಸ್ಯೆಗೆ “ಹೊಲಕ್ಕ ಬರ್ರಿ, ಭಜ್ಜಿ ಉಣ್ಣಾಕ” ಎಂದು ಕರೆದರು. ದಿನವೂ ಬಾಣಲೆ ಮುಂದೆ ಕೂತವರು ಹೊಲದಲ್ಲೂ ಕರಿಯುತ್ತಾರಲ್ಲ ಎಂದುಕೊಂಡು ಹೋದೆ. ಜೋಳದ ದಂಟಿನ ಕೊಂಪೆ, ಒಳಗೆ ಕಲ್ಲಿನ ಪಾಂಡವರು, ಪೂಜೆ ಮುಗಿಸಿ ಚರಗ ಚೆಲ್ಲಿ ಬಂದು ಊಟಕ್ಕೆ ಕೂತಾಗ ನನ್ನ ತಾಟಿಗೆ ಬಿದ್ದದ್ದು ಹಸಿರು ಬಣ್ಣದ ಗಟ್ಟಿ ಪದಾರ್ಥ: ಹತ್ತಾರು ಬಗೆಯ ಸೊಪ್ಪು, ಹಸಿ ಕಾಳು, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಕೂಡಿ ಕುದಿದದ್ದು. ಭಜಿ ಬೇರೆ, ಭಜ್ಜಿ ಬೇರೆ. ಒಂದು ‘ಜ’ಕಾರದ ಒತ್ತಿನಲ್ಲಿ ಇಷ್ಟು ಅಂತರವಿದೆ ಎಂದು ಯಾವ ವ್ಯಾಕರಣವೂ ನನಗೆ ಹೇಳಿರಲಿಲ್ಲ. ಸಜ್ಜೆ ರೊಟ್ಟಿ ಮುರಿದು ಮೂರು ಸಲ ಹಾಕಿಸಿಕೊಂಡೆ, ಮೇಲೆ ಮಡಕೆಯ ಅಂಬಲಿ. ಸಂಜೆಯವರೆಗೆ ಏಳಲಾಗಲಿಲ್ಲ.

ಬಾಕಿ ಕಳೆದುಕೊಂಡ ಆ ಭಾನುವಾರ ಹುಮನಾಬಾದಿನಿಂದ ಬಂಗ್ಲಾದವರೆಗೆ ಜೇಬಿನ ಚಿಲ್ಲರೆ ಸಾಕಾಯಿತು. ಕಾಕಾ ಎಂದಿನಂತೆ ಭಜಿ, ಚಹಾ ಕೊಟ್ಟರು. ತಿಂದ ಮೇಲೆ ಜೇಬು ತಡಕಿ ವಿಷಯ ಹೇಳಿದೆ. ಅವರು ಗಲ್ಲೆಯಿಂದ 25 ರೂಪಾಯಿ ತೆಗೆದು ವಾಪಸು ಹೋಗಲಿಕ್ಕೆ ಎಂದು ಕೈಗಿಟ್ಟರು. ತಿಂದದ್ದು 9, ಒಟ್ಟು 34. “ಮುಂದ ಬಂದಾಗ ಕೊಡ್ರಿ ಮಾಸ್ತರ್ರ.” ನಾನು ಹೂಂ ಅಂದೆ. ಇಲ್ಲಿ ಒಂದು ಸಂಗತಿ ಮುಚ್ಚಿಟ್ಟೆ. ನನಗೆ ದಕ್ಷಿಣಕ್ಕೆ ವರ್ಗವಾಗಿತ್ತು, ಬುಧವಾರ ಹೊರಡುವುದಿತ್ತು, ನಾನು ಬಂದದ್ದೇ ಹೋಗಿ ಬರುತ್ತೇನೆ ಎಂದು ಹೇಳಲು. ಮುಂದಿನ ಸಲ ಎಂಬುದು ಇಲ್ಲ ಎಂದು ಹೇಳಿದರೆ ಆ 25 ರೂಪಾಯಿ ಗಲ್ಲೆಗೆ ವಾಪಸು ಹೋದೀತು ಎಂಬ ಭಯ. ಹಾಗಾಗಿ ವಿದಾಯವನ್ನೇ ಹೇಳದೆ ಬಂದೆ. ಊರಿಗೆ ಬಂದ ಮೇಲೆ ಮನಿಯಾರ್ಡರು ಮಾಡೋಣವೆಂದರೆ ಹೋಟೆಲಿಗೆ ಹೆಸರಿಲ್ಲ, ಕಾಕಾನ ಹೆಸರು ಗೊತ್ತಿಲ್ಲ. ‘ಕಾಕಾ, ಬಂಗ್ಲಾ’ ಎಂದು ಬರೆದರೆ ಅಂಚೆ ಇಲಾಖೆ ನಕ್ಕೀತು ಎಂದು ಬಿಟ್ಟೆ. ಬಿಟ್ಟದ್ದಕ್ಕೆ ಇದೊಂದು ನೆಪ.

ಇಂಥ ಕೆಲಸ ಮಾಡಲು ಇದಕ್ಕಿಂತ ಕೆಟ್ಟ ಊರು ಇನ್ನೊಂದಿಲ್ಲ. ಕಲ್ಯಾಣದ ಕಥೆಗಳಲ್ಲಿ ಅರ್ಧಕ್ಕರ್ಧ ಹಣಕಾಸಿನ ಕಥೆಗಳೇ. ಬಸವಣ್ಣ ಬಿಜ್ಜಳನ ಭಂಡಾರಿ. ಬೊಕ್ಕಸ ಬರಿದಾಯಿತೆಂದು ಚಾಡಿ ಹೇಳಿದವರ ಎದುರು ಲೆಕ್ಕ ಸರಿಹೊಂದಿತೆಂದು ಪುರಾಣ. (ಲೆಕ್ಕ ತಪಾಸಣೆ ಕಂಡವನಾಗಿ ಹೇಳುತ್ತೇನೆ, ಪವಾಡಗಳಲ್ಲೆಲ್ಲ ಇದೇ ದೊಡ್ಡದು.) ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಕಾಶ್ಮೀರದ ಅರಸುತನ ಬಿಟ್ಟು ಬಂದು ಸೌದೆ ಮಾರಿದ ಮೋಳಿಗೆ ಮಾರಯ್ಯನ ಮನೆಯಲ್ಲಿ ಬಸವಣ್ಣ ಗುಟ್ಟಾಗಿ ಹೊನ್ನು ಇಟ್ಟು ಹೋದರೆ, ಅದನ್ನೂ ಅವನು ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಅವನ ಮೊಳಕೇರಾ ಹುಮನಾಬಾದ್ ತಾಲೂಕಿನಲ್ಲೇ ಇದೆ. ಇಂಥವರ ನಡುವೆ ಭಜಿ ತಿಂದು 34 ರೂಪಾಯಿ ಮುಳುಗಿಸಿದವನು ನಾನೊಬ್ಬ.

ಇಷ್ಟಕ್ಕೆ ಮುಗಿಯಲಿಲ್ಲ. ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ. ಬಂಗಾಳದ ಕಡೆ ಬಿಟ್ಟು ಹೆಚ್ಚೂಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಆ ಗ್ರಂಥದ ಪ್ರಕಾರ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನದಲ್ಲಿ ಸಾಲದ್ದೇ ಒಂದು ಪ್ರಕರಣವಿದೆ. ಅಪ್ಪನ ಸಾಲವನ್ನು ಮಕ್ಕಳು ತೀರಿಸಬೇಕು ಎನ್ನುತ್ತದೆ ಅದು. ನನ್ನ ಮಗ ಬೆಂಗಳೂರಿನಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದಾನೆ, ಪಾಪ. ಆದರೆ ಸಾಲಗಾರನಿಗೂ ಒಂದು ರಿಯಾಯಿತಿ ಇದೆ: ಹಣದ ಸಾಲ ಎಷ್ಟು ಹಳತಾದರೂ ಬಡ್ಡಿಯೂ ಸೇರಿ ದುಪ್ಪಟ್ಟನ್ನು ಮೀರಕೂಡದು. 34ರ ದುಪ್ಪಟ್ಟು 68. ಅದಕ್ಕಿಂತ ಒಂದು ಕಾಸು ಹೆಚ್ಚು ಕೊಡಬೇಕಾಗಿಲ್ಲ ಎಂದು ಗೊತ್ತಾದ ದಿನ ನನಗೆ ಊರು ಮತ್ತೆ ನೆನಪಾಯಿತು.

“68 ರೂಪಾಯಿ ಕೊಡೋದಕ್ಕೆ ಅಷ್ಟು ದೂರ ಹೋಗ್ತೀರಾ?” ಎಂದಳು ಹೆಂಡತಿ.

“83 ಬರೋದೂ ಇದೆ” ಎಂದೆ.

ಅವಳು ನನ್ನ ಕಾವಲಿಗೆಂದು ಹೊರಟಳು. ಲಕ್ಕಮ್ಮನ ಕಥೆ ಹೇಳಿ ಒಪ್ಪಿಸಲು ನೋಡಿದ್ದೆ. ಲಕ್ಕಮ್ಮನಿಗೆ ರೈಲು, ಲಾಡ್ಜು, ಕಾಫಿಯ ಖರ್ಚು ಇರಲಿಲ್ಲ ಎಂದಳು.

ನನಗೆ ಒಳಗೊಳಗೇ ಒಂದು ಜಂಭವೂ ಇತ್ತು. ಕಲ್ಯಾಣಕ್ಕೆ ಬಂದವರ ಪಟ್ಟಿ ದೊಡ್ಡದು: ಬಾಗೇವಾಡಿಯ ಬಸವಣ್ಣ, ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ, ಸೊನ್ನಲಿಗೆಯ ಸಿದ್ಧರಾಮ, ಅವರಿಗೂ ಮೊದಲು ವಿಕ್ರಮಾದಿತ್ಯನನ್ನು ಹೊಗಳಲು ಕಾಶ್ಮೀರದಿಂದ ಬಂದ ಬಿಲ್ಹಣ. ಬಂದವರೆಲ್ಲ ಹೋದರು. ಅಕ್ಕ ಶ್ರೀಶೈಲಕ್ಕೆ, ಬಸವಣ್ಣ ಕೂಡಲಸಂಗಮಕ್ಕೆ, ಚೆನ್ನಬಸವಣ್ಣ ಉಳವಿಗೆ. ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳದೂ ಅದೇ ಕಥೆ. ಕಲ್ಯಾಣಿಯ ನವಾಬನ ಸುಂಕದ ಕಚೇರಿಯಲ್ಲಿ ಸೋದರಮಾವ ಕೊಡಿಸಿದ ಕೆಲಸ ಬಿಟ್ಟು ಹೊರಟ ಹುಡುಗ ಮುಂದೆ ಹುಮನಾಬಾದಿನಲ್ಲಿ ನೆಲೆಯೂರಿದ. ಕಲ್ಯಾಣ ಬಿಡುವವರ ಊರು. ಬಿಟ್ಟು ಮತ್ತೆ ಬಂದವರ ಹೆಸರು ನಾನು ಎಲ್ಲೂ ಓದಿಲ್ಲ. ಎಂಟೂವರೆ ಶತಮಾನದಲ್ಲಿ ನಾನೇ ಮೊದಲಿಗನಿರಬೇಕು, ಅದೂ ಸಾಲ ತೀರಿಸಲು!

ಹಿಂದೆ ನಾನಿದ್ದದ್ದು ಹೈದರಾಬಾದ್ ಕರ್ನಾಟಕದ ಗುಲ್ಬರ್ಗದಲ್ಲಿ. ಕಳೆದ ಡಿಸೆಂಬರಿನಲ್ಲಿ ಇಳಿದದ್ದು ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ. ಊರಿನ ಹೆಸರು 2014ರಲ್ಲಿ, ಪ್ರದೇಶದ ಹೆಸರು 2019ರ ಸೆಪ್ಟೆಂಬರ್ 17ರಂದು ಬದಲಾದವು. ನನ್ನ ಹೆಸರೂ ಬದಲಾಗಿತ್ತು. ಆಗ ರಸ್ತೆ ಕೇಳಿದರೆ ‘ತಮ್ಮಾ’ ಎಂದು ಶುರು ಮಾಡುತ್ತಿದ್ದರು, ಈಗ ಚಹಾ ಕೊಡುವ ಹುಡುಗ “ಕಾಕಾ, ಸಕ್ಕರಿ ಹಾಕಲ್ಯಾ ಬ್ಯಾಡಾ?” ಎಂದ. ಇದೊಂದೇ ಪ್ರಶ್ನೆಯಲ್ಲಿ 29 ವರ್ಷ ಇತ್ತು.

ಹುಮನಾಬಾದಿಗೆ ರೈಲಿನಲ್ಲಿ ಹೋದೆವು. ನಾನಿದ್ದಾಗ ಆ ರೈಲು ಬರೀ ಭಾಷಣಗಳಲ್ಲಿ ಓಡುತ್ತಿತ್ತು. ಬೀದರ್–ಕಲಬುರಗಿ ಮಾರ್ಗ ಪೂರ್ತಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಮರಗುತ್ತಿಯ ಸುರಂಗದಲ್ಲಿ ಕತ್ತಲಾದಾಗ ಹೆಂಡತಿ ಪರ್ಸನ್ನು ಎದೆಗೆ ಅವಚಿಕೊಂಡಳು. ಟಿಕೇಟು ಮೊದಲೇ ತೆಗೆದಿದ್ದರಿಂದ ಬಾಕಿಯ ಪ್ರಶ್ನೆ ಬರಲಿಲ್ಲ.

ಹುಮನಾಬಾದಿನ ಬಗ್ಗೆ ನನಗೆ ಕಳಕಳಿ ಇದೆ. ಎಲ್ಲಿಗೋ ಹೋಗುವವರು ಬಸ್ಸು ಬದಲಿಸುವ ಊರು ಎಂದೇ ಅದನ್ನು ಎಲ್ಲರೂ ನೋಡುವುದು. ನಾನೂ ಎರಡು ವರ್ಷ ಹಾಗೇ ನೋಡಿದೆ. ವೀರಭದ್ರೇಶ್ವರನ ಗುಡಿಗೆ ಬಸ್ಸು ತಪ್ಪಿದ ದಿನ ಹೋಗುತ್ತಿದ್ದೆ, ಅಷ್ಟೆ. ಈ ಸಲ ಮನಸ್ಸು ಮಾಡಿ ಮಾಣಿಕನಗರಕ್ಕೆ ಹೋದೆವು. ದತ್ತ ಜಯಂತಿಯ ಜಾತ್ರೆ ಮುಗಿದಿತ್ತು. ಪ್ರಭುಗಳು 1865ರಲ್ಲಿ ಸಮಾಧಿಯಾದರು. ಎಲ್ಲ ಮತವೂ ಸರಿಯೇ ಎಂದು ಸಾರಿದ ಅವರ ಪಂಥಕ್ಕೆ ಸಕಲಮತವೆಂದೇ ಹೆಸರು. ಅವರ ದರ್ಬಾರಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಿದ್ದರು. ಇಲ್ಲಿಯ ಬೀದಿಯ ಮಾತಿನಲ್ಲೂ ಅದು ಉಳಿದಿದೆ. ಆಟೋದವನು ನಮ್ಮೊಡನೆ ಕನ್ನಡ, ಫೋನಿನಲ್ಲಿ ಉರ್ದು, ಎದುರಿಗೆ ಬಂದ ಎತ್ತಿನ ಗಾಡಿಯವನೊಡನೆ ಮರಾಠಿ ಆಡಿ, ಎಮ್ಮೆ ಅಡ್ಡ ಬಂದಾಗ ಮೂರನ್ನೂ ಸೇರಿಸಿ ಬೈದ.

ಅವನದೇ ಆಟೋದಲ್ಲಿ ಜಲಸಂಗಿಗೂ ಹೋದೆವು. ಅಲ್ಲಿಯ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಮದನಿಕೆಯರಿದ್ದಾರೆ. ಅವರಲ್ಲೊಬ್ಬಳು ನಮಗೆ ಬೆನ್ನು ತಿರುಗಿಸಿ ವಿಕ್ರಮಾದಿತ್ಯನ ಹೊಗಳಿಕೆಯ ಶಾಸನ ಬರೆಯುತ್ತಿದ್ದಾಳೆ. ಶಿಲ್ಪಗಳಲ್ಲಿ ಕನ್ನಡಿ ನೋಡುವವರು, ಕುಣಿಯುವವರು, ಮುಳ್ಳು ತೆಗೆಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಕೆಲಸ ಮಾಡುತ್ತಿರುವ ಗುಮಾಸ್ತೆ ನನಗೆ ಗೊತ್ತಿರುವಂತೆ ಇವಳೊಬ್ಬಳೇ. ಒಂಬೈನೂರು ವರ್ಷದಿಂದ ಅದೇ ಸಾಲಿನಲ್ಲಿದ್ದಾಳೆ. ನಮ್ಮ ಕಚೇರಿಯಲ್ಲೂ ಇಂಥ ಕಡತಗಳಿವೆ, ಇಷ್ಟು ಚೆಂದದ ಕೈಗಳಿಲ್ಲ. ಅರ್ಧ ಗಂಟೆ ನಿಂತು ನೋಡಿದೆ. “ಅವಳೇನೂ ತಿರುಗಿ ನೋಡಲ್ಲ, ಬನ್ನಿ” ಎಂದಳು ಹೆಂಡತಿ.

ಕಲ್ಯಾಣದಲ್ಲಿ ನಾನು ಮಾರ್ಗದರ್ಶಿ ಆಗಬೇಕಿತ್ತು. ಕೋಟೆಯ ವಿಷಯದಲ್ಲಿ ಮರ್ಯಾದೆ ಉಳಿಯಿತು. ತಗ್ಗಿನಲ್ಲಿರುವ ಆ ಕೋಟೆ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ, ಹಾಗಾಗಿ ‘ಈಗ ನೋಡು’ ಎಂದು ನಾಟಕೀಯವಾಗಿ ತೋರಿಸಬಹುದು. ತ್ರಿಪುರಾಂತ ಕೆರೆಯ ಕಡೆ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿಗಳೂ ಇದ್ದಲ್ಲೇ ಇದ್ದವು. ಮಿಕ್ಕಿದ್ದರಲ್ಲಿ ಸೋತೆ. “ಇಲ್ಲಿ ಬರೀ ಗುಡ್ಡ” ಎಂದು ಬೆರಳು ಮಾಡಿದ ಕಡೆ 108 ಅಡಿಯ ಬಸವಣ್ಣ ಕೂತಿದ್ದರು. “ನೀವು ಬರ್ತಿದ್ದಾಗ ಕಾಣಲಿಲ್ವಾ?” ಎಂದು ಹೆಂಡತಿ ಕೇಳಿದಳು. 2012ರಲ್ಲಿ ಆದದ್ದು ಎಂದು ಹೇಳುವಷ್ಟರಲ್ಲಿ ಅವಳು ಮುಂದೆ ಹೋಗಿದ್ದಳು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಹಳೆಯ ಅನುಭವ ಮಂಟಪದ ಮೆಟ್ಟಿಲ ಮೇಲೆ ಕೂತು ನಾನು ನಾಟಕ ಓದುತ್ತಿದ್ದೆ. ಈಗ ಹೊಸದು ಏಳುತ್ತಿದೆ. 2021ರ ಜನವರಿ 6ರಂದು ಅಡಿಗಲ್ಲು ಬಿದ್ದ ಈ ಮಂಟಪಕ್ಕೆ ಆಗಿನ ಯೋಜನೆಯಂತೆ 500 ಕೋಟಿ ರೂಪಾಯಿ. 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ. ಸೌದೆ ಮಾರಿ, ಅಕ್ಕಿ ಆಯ್ದು, ಹಗ್ಗ ಹೊಸೆದು ಬದುಕಿದವರ ಸಭೆಗೆ ಇಷ್ಟು ಕಾಂಕ್ರೀಟು ಬೇಕಿತ್ತೆ ಎಂದು ಒಂದು ಮನಸ್ಸು. ಇಷ್ಟು ದಿನ ಈ ಸೀಮೆಗೆ ಯಾರೂ ಏನೂ ಕಟ್ಟಿರಲಿಲ್ಲವಲ್ಲ, ಕಟ್ಟಲಿ ಬಿಡು ಎಂದು ಇನ್ನೊಂದು. ಸದ್ಯಕ್ಕೆ ಎರಡನೆಯದೇ ಗೆದ್ದಿದೆ.

ಮುಖ್ಯ ಕೆಲಸ ಬಂಗ್ಲಾದಲ್ಲಿತ್ತು. ಬಂಗ್ಲಾದಲ್ಲಿ ಹೋಟೆಲಿರಲಿಲ್ಲ. ಹೆದ್ದಾರಿ ನಾಲ್ಕು ಪಥವಾಗಿ, ನಾನು ಭಜಿ ತಿನ್ನುತ್ತಿದ್ದ ಜಾಗದ ಮೇಲೆ ಸೋಲಾಪುರದ ಕಡೆಯ ಲಾರಿಗಳು ಹೋಗುತ್ತಿದ್ದವು. ಪಾನ್ ಅಂಗಡಿಯ ಮುಂದೆ ಕೂತಿದ್ದ ಮುದುಕರೊಬ್ಬರನ್ನು ಕೇಳಿದೆ. ತಗಡಿನ ಹೋಟೆಲು, ಮಿರ್ಚಿ ಭಜಿ, ‘ಉದ್ರಿ ಕೇಳಬೇಡಿ’ ಪಾಟಿ.

“ಪಾಟಿ ಹಾಕಿ ಎಲ್ಲಾರಿಗೂ ಉದ್ರಿ ಕೊಡ್ತಿದ್ದ, ಅವನೇ ಏನ್ರಿ?” ಎಂದರು. “ಅವ ಹೋಗಿ ಭಾಳ ವರ್ಷ ಆತು. ಮಗ ಆಟೋ ನಗರದಾಗ ಹಾನ.”

ಆಟೋ ನಗರ ಎಂದರೆ ಲಾರಿಗಳ ಹೆರಿಗೆ ಆಸ್ಪತ್ರೆ. ಬರೀ ಎಂಜಿನ್ನು, ಚಕ್ರವಾಗಿ ಬಂದ ಗಾಡಿಗಳಿಗೆ ಅಲ್ಲಿ ಮೈ ಕಟ್ಟಿ ಬಣ್ಣ ಬಳಿದು ಕಳಿಸುತ್ತಾರೆ. ಸುತ್ತಿಗೆ ಸದ್ದಿನ ನಡುವೆ ಕೇಳುತ್ತ ಹೋಗಿ ಮಗನನ್ನು ಹಿಡಿದೆ. ನಲವತ್ತೈದರ ಆಸುಪಾಸು. ಲಾರಿಯ ಹಿಂದುಗಡೆ ಹೂವಿನ ಬಳ್ಳಿ ಬರೆಯುತ್ತಿದ್ದ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅವನು ‘ಬ್ಯಾಡ್ರಿ, ಬ್ಯಾಡ್ರಿ’ ಎನ್ನಬೇಕು, ನಾನು ಒತ್ತಾಯಿಸಬೇಕು, ಇಬ್ಬರ ಕಣ್ಣೂ ಒದ್ದೆಯಾಗಬೇಕು. ಮಿತಾಕ್ಷರದ ಪ್ರಸ್ತಾಪವೂ ಇತ್ತು. ನಾನು ‘1996ರಲ್ಲಿ ನಿಮ್ಮ ತಂದೆಯವರು’ ಎನ್ನುವಷ್ಟರಲ್ಲಿ ಅವನು ಕುಂಚ ಕೆಳಗಿಟ್ಟ.

“ಎಷ್ಟ್ರಿ?”

“34. ಬಡ್ಡಿ ಸೇರಿ 68.”

“ಸ್ಕ್ಯಾನ್ ಮಾಡ್ರಿ” ಎಂದು ಗೋಡೆ ತೋರಿಸಿದ.

ಮಾಡಿದೆ. ಬಣ್ಣದ ಡಬ್ಬಿಗಳ ನಡುವೆ ಇದ್ದ ಒಂದು ಪೆಟ್ಟಿಗೆ ಅರವತ್ತೆಂಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಸಾರಿತು. ಪಕ್ಕದ ಶೆಡ್ಡಿನವರು ತಿರುಗಿ ನೋಡಿದರು. 29 ವರ್ಷ ಹೊರಗೆ ಹೇಳದೆ ಇಟ್ಟುಕೊಂಡ ಪಾಪ ಹೀಗೆ ಡಂಗುರವಾಗಿ ಮುಗಿಯಿತು.

ಚಹಾ ತರಿಸಿದ. ನನಗೆ ಸಮಾಧಾನವಾಗಲಿಲ್ಲ. ನಿಮ್ಮ ತಂದೆ ಉದ್ರಿ ವಹಿಯಲ್ಲಿ ಬರೆದಿದ್ದರೇನೋ, ‘ಮಾಸ್ತರು’ ಅಂತ, ಎಂದು ಕೇಳಿದೆ.

“ಬರೀತಿದ್ದಿಲ್ರಿ. ಬರದ್ರ ಕೇಳಬೇಕಾಗ್ತದ ಅಂತಿದ್ದ.” ಚಹಾ ಬಶಿಗೆ ಸುರಿದುಕೊಂಡ. “ಅವ್ರೇ ಬಂದು ಕೊಟ್ಟು ಹೋಗ್ತಾರ್ರಿ. ಈ ವರ್ಷದಾಗ ನೀವು ಮೂರನೇದವ್ರು.”

ಹೆಂಡತಿ ಬಶಿಯಿಂದ ತಲೆ ಎತ್ತಿ ನನ್ನ ಮುಖ ನೋಡಿದಳು. ಎಂಟೂವರೆ ಶತಮಾನದ ನನ್ನ ಜಂಭ ಒಂದು ವರ್ಷದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಇಳಿದದ್ದು ಅವಳಿಗೆ ಗೊತ್ತಾಗಿತ್ತು. ಮೊದಲಿನಿಬ್ಬರು ಯಾರು ಎಂದು ಕೇಳಿದೆ. ಒಬ್ಬ ಸೋಲಾಪುರದ ಲಾರಿಯವ, ಇನ್ನೊಬ್ಬ ಯಾರೋ, ಹೆಸರು ಹೇಳಲಿಲ್ಲ ಎಂದ. ನನ್ನ ಹೆಸರನ್ನೂ ಅವನು ಕೇಳಲಿಲ್ಲ. ಚಹಾದ ದುಡ್ಡು ಕೊಡಲು ಹೋದರೆ ಬೇಡವೆಂದ. ಬೇಡವೆನ್ನುವ ಮಾತನ್ನು ಅಲ್ಲಿ ಇಟ್ಟುಕೊಂಡಿದ್ದ.

ಸಂಜೆ ಬಸ್ಸು ಹತ್ತಿ ಹುಮನಾಬಾದಿಗೆ ವಾಪಸು ಬಂದೆವು. ಟಿಕೇಟು ನಾನು ಕೊಳ್ಳಲು ಹೋದಾಗ ಹೆಂಡತಿ ಕೈ ಅಡ್ಡ ಹಿಡಿದು ತಾನೇ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟಳು. ಆ 83 ರೂಪಾಯಿ ಮಾತ್ರ ಬರಲೇ ಇಲ್ಲ. ಟಿಕೇಟು ‘ತಲೆದಂಡ’ದೊಳಗೆ ಹಾಗೇ ಇದೆ. ನೀವು ಆ ಕಡೆ ಹೋಗುವುದಿದ್ದರೆ ಎಳ್ಳ ಅಮಾವಾಸ್ಯೆಯ ಸುಮಾರಿಗೆ ಹೋಗಿ. ಬಸ್ಸಿನಲ್ಲಿ ಪುಸ್ತಕ ಓದಬೇಡಿ. ಬಾಕಿ ಇದ್ದರೆ ಹುಮನಾಬಾದ್ ಬರುವ ಮೊದಲೇ ಕೇಳಿ ತೆಗೆದುಕೊಳ್ಳಿ.